ಊದಿದ್ದು ನಾನೇ

ಜನವರಿ 9

ಮಾನ್ಯ ಕತ್ತರಿಯವರ ಸನ್ನಿಧಾನಕ್ಕೆ,

ಒಂಬತ್ತು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ತಮ್ಮ ಕ್ಷೇಮ ವಿಚಾರಿಸುತ್ತಿಲ್ಲ. ತಮ್ಮ ಕ್ಷೇಮ ಹಲ್ಲಿನ ಡಾಕ್ಟರ ಕಾಯುವ ಕೋಣೆಯವರೆಗೂ ಕೇಳಿಸುತ್ತಿದೆ.

ವಿಷಯ ಇಷ್ಟು. ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ ಅರ್ಧ ಆಯುಷ್ಯ ಟ್ರಂಪೆಟ್ಟಿಗೆ ಒತ್ತಿಸಿಕೊಂಡ ನನ್ನ ಮುಂದಿನ ಹಲ್ಲುಗಳು ಈಗ ಒಂದೊಂದಾಗಿ ರಾಜೀನಾಮೆ ಕೊಡುತ್ತಿವೆ. ಮೊನ್ನೆ ಅವುಗಳ ಪೈಕಿ ಎರಡನ್ನು ಬೀಳ್ಕೊಡಲು ಹೋಗಿದ್ದೆ. ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ, ಮುಖಪುಟವಿಲ್ಲದ ಒಂದು ಪತ್ರಿಕೆ, ಗೋಡೆಯಲ್ಲೊಂದು ಸ್ಪೀಕರ್. ಸ್ಪೀಕರಿನಲ್ಲಿ ಡ್ರಮ್ಮು ಕುಂಟುತ್ತಿತ್ತು. ಕುಂಟಿದ ಕೂಡಲೇ ಇದು ತಾವೇ ಎಂದು ಗೊತ್ತಾಯಿತು. ತಾಳವನ್ನು ಅಷ್ಟು ಅಚ್ಚುಕಟ್ಟಾಗಿ ಲೇಟ್ ಮಾಡಬಲ್ಲವರು ಪ್ರಪಂಚದಲ್ಲಿ ಇಬ್ಬರೇ: ತಾವು, ಮತ್ತು ನಮ್ಮ ಡಿಪೋದ ಬಸ್ಸುಗಳು. ಹಾಡುವವರಿಲ್ಲ, ಮಾತಿಲ್ಲ, ಹಳೆಯ ರೆಕಾರ್ಡಿನ ಚಟಪಟ. ಅದರ ಮೇಲೆ ಒಂದು ಟ್ರಂಪೆಟ್ ಬಂತು. ಲೋ ಕತ್ತರಿ, ಅದು ನಾನು ಕಣೋ!

ಕ್ಷಮಿಸಿ, 'ಲೋ' ಜಾರಿಬಿತ್ತು. ಹಲ್ಲಿಲ್ಲದ ಬಾಯಲ್ಲಿ ಯಾವುದೂ ನಿಲ್ಲುವುದಿಲ್ಲ. ಬಿದ್ದದ್ದು ಬಿದ್ದಿತು, ಇನ್ನು ನೀನು ಎಂದೇ ಬರೆಯುತ್ತೇನೆ.

ಕೌಂಟರಿನ ಹುಡುಗಿಯನ್ನು ಕೇಳಿದೆ: "ಯಾರಮ್ಮ ಇದು ಊದ್ತಿರೋದು?"

"ಗೊತ್ತಿಲ್ಲ ಸಾರ್. ಪೇಷೆಂಟ್ಸು ಹೆದರಬಾರದು ಅಂತ ಡಾಕ್ಟ್ರು ಹಾಕ್ಸಿದಾರೆ."

"ನಾನೀಗ ಹೆದರಿದೀನಲ್ಲಮ್ಮ!"

ಆಕೆ ಪರದೆ ತಿರುಗಿಸಿ ತೋರಿಸಿದಳು. ನಿನ್ನ ಹೊಸ ರೆಕಾರ್ಡು, ಮೂರನೆಯ ತುಣುಕು, ಹೆಸರು 'ಮಧ್ಯಾಹ್ನ'.

ಹೋಟೆಲಿನವರು ನಮ್ಮ ವೇದಿಕೆ ಕಿತ್ತು ಕಾರಂಜಿ ಇಟ್ಟ ಮೇಲೆ ನಾನು ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕೌಂಟರ್ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಒಂದೇ ಕಾನೂನು: ಗುರುತು ಹೇಳು, ಸಾಮಾನು ಒಯ್ಯು. 'ಕಪ್ಪು ಛತ್ರಿ ಸಾರ್' ಅಂದರೆ ನಾನು ಕೊಡುವುದಿಲ್ಲ. ಯಾವ ಕಡ್ಡಿ ಬಾಗಿದೆ, ಹೇಳು ಅನ್ನುತ್ತೇನೆ. ಆದ್ದರಿಂದ ನನ್ನ ಗುರುತುಗಳನ್ನು ನಾನೇ ಹೇಳುತ್ತೇನೆ, ಕೇಳಿಸಿಕೊ. ಸ್ವರಕ್ಕೆ ನೇರವಾಗಿ ಹೋಗದೆ, ಕೆಳಗಿನಿಂದ, ಸಾಲ ಕೊಟ್ಟವನ ಮನೆ ಮುಂದೆ ಹಾದುಹೋಗುವವನ ಹಾಗೆ ಜಾರಿಕೊಂಡು ಹೋಗುವುದು: ನನ್ನದು. ತುತ್ತತುದಿಯ ಸ್ವರದಲ್ಲಿ ಒಂದು ಒಡಕು: ನನ್ನದು. ಆ ರಾಗವಂತೂ ನಮ್ಮ ಬ್ಯಾಂಡಿಗಾಗಿ ನಾನೇ ಕಟ್ಟಿದ್ದು, ಬೇರೆ ಯಾರಿಗೂ ಗೊತ್ತೇ ಇಲ್ಲ. ನಮ್ಮ ಬ್ಯಾಂಡನ್ನು ಟೇಪಿಗೆ ಹಿಡಿದವನು ಒಬ್ಬನೇ, ಸೌಂಡ್ ನೋಡಿಕೊಳ್ಳುತ್ತಿದ್ದ ನೀನು.

ದುಡ್ಡು ಬೇಡ. ರೆಕಾರ್ಡಿನ ಮೇಲೆ 'ಊದಿದವರು ತುತ್ತೂರಿ' ಎಂದು ಅಚ್ಚಾಗಬೇಕು. ಹಲ್ಲು ಹೋಯಿತು, ಹೋಟೆಲು ಹೋಯಿತು. ನಾನು ಊದುತ್ತಿದ್ದೆ ಎನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ.

ಇಂತಿ,
ತಮ್ಮಿಂದ ಕಳುವಾದ,
ತುತ್ತೂರಿ

ಫೋನ್ ಮಾಡಬೇಡ. ಮಾತಾಡಿದರೆ ಅದನ್ನೂ ಕತ್ತರಿಸಿ, ಕೆಳಗೊಂದು ಡ್ರಮ್ಮು ಹಾಕಿ ಮಾರಿಬಿಡುತ್ತೀಯ.

*

ಜನವರಿ 22

ಅಣ್ಣಾ,

ಪತ್ರ ನೋಡಿ ಖುಷಿಯಾಯಿತು, ಓದಿದ ಮೇಲೆ ಆ ಖುಷಿ ಹೋಯಿತು.

ಅದು ನೀನಲ್ಲ. ಹೋಟೆಲಿನ ಟೇಪುಗಳಿಗೆ ಬೂಷ್ಟು ಹಿಡಿದು, ನಾನು ಬಾಡಿಗೆಯ ಎರಡನೆಯ ಕೋಣೆಗೆ ಹೋಗುವಾಗಲೇ ಎಸೆದೆ. ಎಸೆಯುವಾಗ ಅತ್ತೆ, ಆಣೆಗೂ ಅತ್ತೆ. ಯಾರು ಊದಿದ್ದು ಎಂದು ಮಾತ್ರ ಹೇಳುವಂತಿಲ್ಲ. ಮಾತು ಕೊಟ್ಟಿದ್ದೇನೆ.

ನನ್ನ ಮೇಲೆ ಅನುಮಾನ ಹೊಸದಲ್ಲ ಬಿಡು. ನನ್ನ ಕಸುಬೇ ಹಾಗೆ. ಈ ಊರಿಗೆ ಬಂದ ಹೊಸದರಲ್ಲಿ ಜಾಹೀರಾತಿನ ಸ್ಟುಡಿಯೋದಲ್ಲಿ ಅನೌನ್ಸರುಗಳ ಕೆಮ್ಮು ಅಳಿಸುತ್ತಿದ್ದೆ. ಅಳಿಸಿದ ಕೆಮ್ಮನ್ನೆಲ್ಲ ತಾಳಕ್ಕೆ ಜೋಡಿಸಿ ಮೊದಲನೆಯ ಬೀಟ್ ಮಾಡಿದೆ. ಆಮೇಲೆ ಯಾರೂ ಕೇಳದ ಜಾಝ್ ರೆಕಾರ್ಡುಗಳನ್ನು ಗುಜರಿಯಿಂದ ತಂದು, ಒಂದೊಂದು ಉಸಿರು, ಒಂದೊಂದು ಮೀಟು ಕತ್ತರಿಸಿ, ಹದಿನಾರು ರಬ್ಬರ್ ಗುಂಡಿಗಳ ಪೆಟ್ಟಿಗೆಯಲ್ಲಿ ಇಟ್ಟು ಬೆರಳಲ್ಲಿ ಬಡಿಯುತ್ತಿದ್ದೆ. ಅದೇ ನಾಲ್ಕು ಹೊಡೆತವನ್ನು ವಾರಗಟ್ಟಲೆ ಕೇಳಿ, ಮನೆ ಓನರ್ ಏನೋ ಸಿಕ್ಕಿಹಾಕಿಕೊಂಡಿದೆ ಎಂದು ಎಲೆಕ್ಟ್ರಿಷಿಯನ್‌ನನ್ನು ಕಳಿಸಿದ. ಹೆಗಲ ಚೀಲದಲ್ಲಿ ಕ್ಯಾಸೆಟ್ ಹೊತ್ತು ಮಾರಿದೆ. ರೇಡಿಯೋದವನೊಬ್ಬ ಹವಾಮಾನ ವರದಿಯ ಹಿಂದೆ ಹಾಕಿದ. ಜನ ಹವಾಮಾನ ಬಿಟ್ಟು ಹಿಂದಿನದನ್ನು ಕೇಳತೊಡಗಿದರು. ಈಗ ಹೊರದೇಶದಲ್ಲೂ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ಆದರೂ ಜಾಝಿನವರು ನನ್ನ ಕೈಕುಲುಕಿದ ಮೇಲೆ ತಮ್ಮ ಬೆರಳು ಎಣಿಸಿಕೊಳ್ಳುತ್ತಾರೆ. ಹಿಪ್‌ಹಾಪ್ ಹುಡುಗರು "ಎಲ್ಲಾ ಸರಿ ಬ್ರದರ್, ಹಾಡೋನು ಯಾವಾಗ ಬರ್ತಾನೆ?" ಅನ್ನುತ್ತಾರೆ. ನೀನಂತೂ ನನ್ನ ಮೊದಲ ಕ್ಯಾಸೆಟ್ ಕೇಳಿ "ನೀನು ಸಂಗೀತಗಾರ ಅಲ್ಲ ಕಣೋ, ಕಂಡೋರ ಬಟ್ಟೆ ಹರಿದು ಚೀಲ ಹೊಲಿಯೋನು" ಎಂದು ಬಾಗಿಲು ಹಾಕಿಕೊಂಡೆ. ಆ ಬಾಗಿಲು ಮೊನ್ನೆ ನಿನ್ನ ಪತ್ರ ಬರುವವರೆಗೂ ತೆರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ. ಕಂಡವರ ರೆಕಾರ್ಡಿನಿಂದ ಒಂದು ಚೂರೂ ಎತ್ತದೆ ಮಾಡಿದ ನನ್ನ ಮೊದಲನೆಯ ರೆಕಾರ್ಡು ಇದು. ಎಲ್ಲವೂ ಒಪ್ಪಿ ನುಡಿಸಿಕೊಟ್ಟದ್ದು. ಅನುಮಾನ ಪಡಲೇಬೇಕಿದ್ದರೆ ಹಿಂದಿನ ರೆಕಾರ್ಡುಗಳ ಮೇಲೆ ಪಡು, ಬೇಕಾದಷ್ಟು ಮಾಲಿದೆ. ಇದೊಂದನ್ನು ಬಿಟ್ಟುಬಿಡು.

ಅತ್ತಿಗೆ ಚೆನ್ನಾಗಿದ್ದಾರಾ?

ಇಂತಿ,
ಕತ್ತರಿ

*

ಫೆಬ್ರವರಿ 4

ಕತ್ತರಿ,

'ಅತ್ತಿಗೆ ಚೆನ್ನಾಗಿದ್ದಾರಾ' ಎಂದು ಕೇಳಿದ್ದೀಯ. ಒಂಬತ್ತು ವರ್ಷ ಕೇಳದವನು ಈಗೇಕೆ ಕೇಳಿದೆ? ನಮ್ಮ ಕೌಂಟರಿನಲ್ಲಿ, ಸಾಮಾನಿನ ವಿಷಯ ಬಿಟ್ಟು "ಊಟ ಆಯ್ತಾ ಸಾರ್" ಅನ್ನುವವನನ್ನು ನಾನು ಎರಡು ಪಟ್ಟು ಗಮನಿಸುತ್ತೇನೆ.

ಆಕೆ ಚೆನ್ನಾಗಿಲ್ಲ. ಅಂದರೆ, ವಿಪರೀತ ಚೆನ್ನಾಗಿದ್ದಾಳೆ. ಅದೇ ನನ್ನ ಚಿಂತೆ. ಮಹಡಿಯ ನಿವೃತ್ತ ಟೀಚರಮ್ಮ ನನ್ನನ್ನು ಮೆಟ್ಟಿಲಲ್ಲಿ ತಡೆದು, ನೀವು ಕೆಲಸಕ್ಕೆ ಹೋದ ಮೇಲೆ ನಿಮ್ಮ ಮನೆ ಬಚ್ಚಲಲ್ಲಿ ಗಂಟೆಗಟ್ಟಲೆ ನಲ್ಲಿ ಸುರಿಯುತ್ತದೆ, ಎದುರುಮನೆ ನಾಯಿ ಅದೇ ಹೊತ್ತಿಗೆ ಊಳಿಡುತ್ತದೆ, ನಿಮ್ಮ ನೀರಿಗೂ ಅದರ ದುಃಖಕ್ಕೂ ಏನು ಸಂಬಂಧ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಇವಳ ತುಟಿ ಕೆಂಪಗೆ ಊದಿಕೊಂಡಿರುತ್ತದೆ.

"ಏನೇ ಇದು ತುಟಿ?"

"ಬಿಸಿ ಹಾಲು ಕುಡಿದೆ ರೀ."

"ದಿನಾನಾ?"

"ಹಾಲು ದಿನಾ ಕಾಯಿಸ್ತೀನಲ್ಲ."

ಉತ್ತರದಲ್ಲಿ ತಪ್ಪಿಲ್ಲ. ತಪ್ಪಿಲ್ಲದ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತದೆ.

ಇರಲಿ, ಮನೆಯ ಮಾತು ಮನೆಗೆ. ನಿನ್ನ ರೆಕಾರ್ಡನ್ನು ಫೋನಿಗೆ ಹಾಕಿಸಿಕೊಂಡೆ. ಬಸ್ಸಿನಲ್ಲಿ ಕೇಳುತ್ತೇನೆ, ಕೌಂಟರಿನಲ್ಲಿ ಛತ್ರಿಗಳ ನಡುವೆ ಕೇಳುತ್ತೇನೆ. ಎಂಥ ಊದು! ಯಾರನ್ನೂ ಮೆಚ್ಚಿಸುವ ಆತುರವೇ ಇಲ್ಲ. ಹೋಟೆಲಿನಲ್ಲಿ ನಾನು ಗಿರಾಕಿಗಳ ತಟ್ಟೆ ಸದ್ದಿನ ಮೇಲೆ ಕೇಳಿಸಲೆಂದು ಗಂಟಲು ಹರಿದುಕೊಳ್ಳುತ್ತಿದ್ದೆ ಎಂದೇ ನೆನಪು. ಇಷ್ಟು ಚೆನ್ನಾಗಿ ಊದುತ್ತಿದ್ದೆ ಎಂದು ನನಗೇ ತಿಳಿದಿರಲಿಲ್ಲ. ಇವಳಿಗೂ ಹಾಕಿ ಕೇಳಿಸಿದೆ. ಬೆನ್ನು ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಕೇಳಿದಳು.

"ಹೇಗಿದೆ?"

"ತುದೀಲಿ ಒಡೀತು."

"ಅದೇ ಕಣೇ ನನ್ನ ಗುರುತು!"

"ಹೌದಾ? ತಪ್ಪು ಅಂದ್ಕೊಂಡಿದ್ದೆ."

ಇಷ್ಟು ವರ್ಷ ಜೊತೆಗಿದ್ದೂ ಸಂಗೀತ ಅಂಟಲಿಲ್ಲ ನೋಡು. ನನ್ನ ಟ್ರಂಪೆಟ್ಟಾದರೂ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಬೀಗದ ಕೈ ಅವಳ ಹತ್ತಿರ ಇರುವುದರಿಂದ ಆ ಒಂದು ವಿಷಯದಲ್ಲಿ ನಿಶ್ಚಿಂತೆ.

ಕೊನೆಯ ಮಾತು. ಮುಂದಿನ ತಿಂಗಳು ಆ ರೆಕಾರ್ಡು ಗ್ರಾಮಫೋನಿನ ದೊಡ್ಡ ಕಪ್ಪು ತಟ್ಟೆಯಾಗಿಯೂ ಬರುತ್ತದಂತೆ. ಕವರಿನ ಮೇಲೆ ನನ್ನ ಹೆಸರಿಲ್ಲದಿದ್ದರೆ ಪೇಪರಿನವರಿಗೆ ಬರೆಯುತ್ತೇನೆ. ತಲೆಬರಹವನ್ನೂ ಯೋಚಿಸಿಟ್ಟಿದ್ದೇನೆ: 'ಉಸಿರುಗಳ್ಳ'.

ಇಂತಿ,
ತುತ್ತೂರಿ

*

ಫೆಬ್ರವರಿ 10

ಮೈದುನನಿಗೆ ಆಶೀರ್ವಾದಗಳು.

ಅವರು ನಿನಗೆ ಪೇಪರಿನ ಬೆದರಿಕೆ ಹಾಕಿರುವುದು ಗೊತ್ತಾಯಿತು. ಅಂಚೆಗೆ ಹಾಕುವ ಮುಂಚೆ ನನಗೇ ಓದಿ ಹೇಳಿದರು, ತುಟಿಯ ಭಾಗ ಬಿಟ್ಟು. ಅದನ್ನು ಆಮೇಲೆ ನಾನೇ ಓದಿಕೊಂಡೆ.

ನೀನು ಕೊಟ್ಟ ಮಾತು ಉಳಿಸಿಕೊಂಡಿದ್ದೀಯ. ಈಗ ಇನ್ನೊಂದು ಕೇಳುತ್ತೇನೆ. ಅವರೇ ಊದಿದ್ದು ಎಂದು ಹಾಕಿಬಿಡು. ಅವರು ಟ್ರಂಪೆಟ್ ಅಟ್ಟಕ್ಕೆ ಹಾಕಿದ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಹಿತ್ತಾಳೆ ಹಸಿರುಗಟ್ಟಿರುತ್ತದೆ, ಉಜ್ಜೋಣ ಎಂದು ಇಳಿಸಿದ್ದೆ. ಉಜ್ಜಿದ ಮೇಲೆ ಊದದೆ ಇಡಲು ಮನಸ್ಸಾಗಲಿಲ್ಲ. ಬೆರಳು ಎಲ್ಲಿಡಬೇಕೆಂದು ಅವರನ್ನು ಕೇಳುವಂತಿರಲಿಲ್ಲ, ನಿನ್ನನ್ನು ಕೇಳಿದೆ. ನೀನು ಹೇಳಿಕೊಟ್ಟೆ. ಸರಿಯಿದೆಯಾ ನೋಡು ಎಂದು ಫೋನಿನಲ್ಲಿ ಹಿಡಿದು ಕಳಿಸಿದ್ದು ರೆಕಾರ್ಡಾಗುತ್ತದೆ ಎಂದು ಕನಸು ಕಂಡಿದ್ದೆನಾ? ಹಾಕಲಾ ಎಂದು ನೀನು ಕೇಳಿದೆ, ನಾನು ಹೂಂ ಅಂದೆ. ತಪ್ಪು ನನ್ನದೂ ಇದೆ.

ಅವರು ಅದನ್ನು ಕೇಳುವಾಗ ಮುಖ ನೋಡಬೇಕು ನೀನು. ಆ ಮುಖಕ್ಕೆ ನಾನು ಅಡ್ಡ ಬರಲಾರೆ.

ಇಂತಿ,
ನಿನ್ನ ಅತ್ತಿಗೆ

*

ಮಾರ್ಚ್ 2

ಅಣ್ಣಾ,

ನೀನು ಗೆದ್ದೆ. ಕವರ್ ಅಚ್ಚಿಗೆ ಹೋಯಿತು. 'ಟ್ರಂಪೆಟ್: ತುತ್ತೂರಿ' ಎಂದಿದೆ. ಕಂಡವರ ಸ್ವರ ಕದ್ದು ಸುಮ್ಮನಿದ್ದಾಗ ಚೆನ್ನಾಗಿ ನಿದ್ದೆ ಬರುತ್ತಿತ್ತು. ಕದಿಯದೆ ಮಾಡಿದ ಮೊದಲ ರೆಕಾರ್ಡಿನ ಮೇಲೆ ಸುಳ್ಳು ಅಚ್ಚಾಗಿದೆ. ಇದು ನಿನ್ನ ಆಶೀರ್ವಾದ.

ನೀನು ಗುರುತಿನ ಮನುಷ್ಯ. ಒಂದು ಗುರುತನ್ನು ಮಾತ್ರ ಪತ್ರದಲ್ಲಿ ಬಿಟ್ಟಿದ್ದೀಯ. 'ಮಧ್ಯಾಹ್ನ'ದಲ್ಲಿ ಎರಡನೆಯ ಸಾಲಿನ ನಡುವೆ ಟ್ರಂಪೆಟ್ ಥಟ್ಟನೆ ನಿಲ್ಲುತ್ತದೆ. ಆಮೇಲೆ ಏನೂ ಆಗದವರ ಹಾಗೆ ಮುಂದುವರಿಯುತ್ತದೆ. ಆ ನಿಲುಗಡೆ ನಾನು ಕತ್ತರಿಸಿದ್ದಲ್ಲ, ಹಾಗೇ ಬಂದದ್ದು. ಅದರ ಮೇಲೇ ಇಡೀ ತುಣುಕು ಕಟ್ಟಿದ್ದೇನೆ. ವಿಮರ್ಶಕನೊಬ್ಬ ಅದೊಂದರ ಮೇಲೆ ಪೂರಾ ಪುಟ ಬರೆದಿದ್ದಾನೆ, 'ಆಧುನಿಕ ಮಾನವನ ಹಿಂಜರಿಕೆ'ಯಂತೆ. ಕೇಳುವವರು ಆ ಜಾಗಕ್ಕೆ ಕಾದು ಕೂರುತ್ತಾರೆ. ಹೋಟೆಲಿನಲ್ಲಿ ನಾನು ಅಷ್ಟು ವರ್ಷ ನಿನ್ನೆದುರು ಕೂತಿದ್ದೆ. ನೀನು ಅಲ್ಲಿ ಒಂದು ದಿನವೂ ನಿಂತಿಲ್ಲ. ಹೌದೋ ಅಲ್ಲವೋ?

ಏಪ್ರಿಲ್ ಕೊನೆಗೆ ಇಲ್ಲಿ ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ. ಹೆಸರು ಹಾಕಿಸಿಕೊಂಡವನು ಬಂದು ಊದಲೂಬೇಕು. ಟಿಕೆಟ್ ಜೊತೆಗಿಟ್ಟಿದ್ದೇನೆ.

ಇಂತಿ,
ಕತ್ತರಿ

*

ಮಾರ್ಚ್ 14

ಕತ್ತರಿ,

ನೀನು ಒಪ್ಪಿಕೊಂಡೆ ಎಂದು ಓದಿದಾಗ ಮೊದಲು ಕುಣಿಯಬೇಕೆನ್ನಿಸಿತು. ಆಮೇಲೆ ಅನುಮಾನ ಬಂತು. ಕೇಳಿದ ಕೂಡಲೇ 'ತಗೊಳ್ಳಿ, ನಿಮ್ಮದೇ' ಅನ್ನುವವನ ಕೈಯಲ್ಲಿ ಎಂದೂ ನನ್ನ ಸಾಮಾನು ಇರುವುದಿಲ್ಲ.

ಭಾನುವಾರ ಹಜಾರದಲ್ಲಿ ಕೂತು ಆ ನಿಲುಗಡೆಯನ್ನೇ ಕೇಳಿದೆ. ನಿಜ. ಹೋಟೆಲಿನಲ್ಲಿ ನಾನು ಅಲ್ಲಿ ನಿಂತಿಲ್ಲ, ರಾಗದಲ್ಲಿ ಅಲ್ಲಿ ಜಾಗವೇ ಇಲ್ಲ. ಮತ್ತೆ ಹಾಕಿದೆ. ಟ್ರಂಪೆಟ್ ನಿಂತಿತು. ನನಗೇ ಗೊತ್ತಾಗದಂತೆ ನನ್ನ ಬಾಯಿ "ಕಾಫಿ ಆಯ್ತೇನೇ?" ಎಂದಿತು. ನನ್ನ 'ನೇ' ಮುಗಿಯುವುದಕ್ಕೂ ಟ್ರಂಪೆಟ್ ಮತ್ತೆ ರಾಗ ಹಿಡಿಯುವುದಕ್ಕೂ ಅಳತೆ ಸರಿಹೋಯಿತು.

"ಆಯ್ತು, ತರ್ತೀನಿ," ಎಂದಿತು ಅಡುಗೆಮನೆ.

ಕೂದಲು ನೆಟ್ಟಗಾಯಿತು ಕಣೋ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪ್ರತಿ ಸಲ ಆ ಸಾಲಿನ ನಡುವೆ ಟ್ರಂಪೆಟ್ ತುಟಿಯಿಂದ ತೆಗೆದು ಕಾಫಿಗೆ ಕೂಗುತ್ತಿದ್ದೆ. ಕಾಫಿ ಸಮೇತ ಆ ರಾಗ ಕೇಳಿದ ಪ್ರಾಣಿ ಪ್ರಪಂಚದಲ್ಲಿ ಒಂದೇ ಒಂದು. ಅದು ಲೋಟ ಹಿಡಿದು ಎದುರಿಗೆ ಬಂದು ನಿಂತಿತ್ತು.

"ಇದು ನೀನಾ?"

"ಸಕ್ಕರೆ ಕಮ್ಮಿ ಆಯ್ತಾ?"

"ಊದಿದ್ದು ಕಣೇ!"

ಲೋಟ ಕೆಳಗಿಟ್ಟಳು. "ಹೂಂ. ನಾನೇ."

"ಒಂದು ಮಾತು ಹೇಳೋಕ್ಕೇನಾಗಿತ್ತು?"

"ಹೇಳಿದ್ರೆ ತಿದ್ದೋಕೆ ಕೂರ್ತಿದ್ರಿ."

"ತಿದ್ದದೆ ಇನ್ನೇನು! ಅಲ್ಲಿ ಯಾಕೆ ನಿಲ್ತೀಯ? ಅಲ್ಲಿ ನಿಲ್ಲೋ ಹಾಗೇ ಇಲ್ಲ!"

"ನೀವು ನಿಲ್ತಿದ್ರಲ್ಲ. ಹಾಡೇ ಹಾಗೆ ಅಂದ್ಕೊಂಡೆ."

ಅಟ್ಟ ಹತ್ತಿ ಪೆಟ್ಟಿಗೆ ತೆಗೆಸಿದೆ. ಒಳಗೆ ಒಂದು ಹಳೆಯ ಕಂಬಳಿ ಮಲಗಿತ್ತು. ಟ್ರಂಪೆಟ್ ಬಚ್ಚಲಲ್ಲಿ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ, ನನ್ನ ಅಂಗಿಗಳ ಕೆಳಗೆ. ನಲ್ಲಿ ಬಿಡುತ್ತಿದ್ದದ್ದು ಸದ್ದು ಮುಚ್ಚಲಂತೆ. ರೆಕಾರ್ಡಿನಲ್ಲಿ ನಾನು ಹಳೆಯ ಚಟಪಟ ಅಂದುಕೊಂಡದ್ದು ಆ ನೀರೇ. ನಾಯಿ ಮಾತ್ರ ಮೋಸಹೋಗಲಿಲ್ಲ. ನನಗಿಂತ ಅದರ ಕಿವಿ ವಾಸಿ.

ನಾನು ಎಲ್ಲರ ಮೇಲೂ ಅನುಮಾನಪಟ್ಟೆ: ನಿನ್ನ ಮೇಲೆ, ಇವಳ ಮೇಲೆ, ಒಳ್ಳೆಯ ಹಲ್ಲು ಕಿತ್ತನೇನೋ ಎಂದು ಡಾಕ್ಟರ ಮೇಲೂ. 'ನಾನು ಇಷ್ಟು ಚೆನ್ನಾಗಿ ಊದಬಲ್ಲೆನಾ' ಎಂಬ ಒಂದೇ ಒಂದು ನ್ಯಾಯವಾದ ಅನುಮಾನ ಬಂದಾಗ ಮಾತ್ರ ಹೌದೆಂದು ನಿರಾಳವಾಗಿ ನಂಬಿಬಿಟ್ಟೆ.

ನನ್ನ ಹೆಸರು ತೆಗೆ. ಅವಳದ್ದು ಹಾಕು. ಕಾರ್ಯಕ್ರಮಕ್ಕೂ ಅವಳೇ ಬರಲಿ. ಮೊದಲು ಒಲ್ಲೆ ಎಂದಳು, ಆಮೇಲೆ ಯಾವ ಸೀರೆ ಎಂದು ಕೇಳಿದಳು.

ಆದರೆ ನ್ಯಾಯ ನ್ಯಾಯವೇ. ಊದು ಅವಳದಾದರೆ ನಿಲುಗಡೆ ನನ್ನದು. ವಿಮರ್ಶಕ ಒಂದು ಪುಟ ಬರೆದದ್ದು ನನ್ನ ಕಾಫಿಯ ಮೇಲೆ. ಅದಕ್ಕಾದರೂ ನನ್ನ ಹೆಸರು ಹಾಕು. ಅದನ್ನು ಬಿಟ್ಟರೆ ನನ್ನದು ಎಂದು ಆ ರೆಕಾರ್ಡಿನಲ್ಲಿ ಏನೂ ಉಳಿಯುವುದಿಲ್ಲ.

ಇಂತಿ,
ತುತ್ತೂರಿ

*

ಮಾರ್ಚ್ 29

ಅಣ್ಣಾ,

ಕವರುಗಳು ಅಚ್ಚಾಗಿ ಬಂದಿದ್ದವು. ಕೂತು ಒಂದೊಂದರ ಮೇಲೂ ಚೀಟಿ ಅಂಟಿಸುತ್ತಿದ್ದೇನೆ. ಬೆರಳಿಗೆಲ್ಲ ಗೋಂದು. 'ಟ್ರಂಪೆಟ್: ಅತ್ತಿಗೆ. ನಿಲುಗಡೆ: ತುತ್ತೂರಿ.' ಸರಿಯಾ? ಅಂಗಡಿಗಳಿಗೆ ಹಂಚುವವನು ನೋಡಿ, "ಈ ಅತ್ತಿಗೆ ಯಾವ ದೇಶದವ್ರು ಸಾರ್?" ಎಂದ. ನಮ್ಮ ಮನೆಯವರು ಅಂದರೆ ನಂಬಲಿಲ್ಲ. ನನ್ನನ್ನು ನಂಬುವ ರೂಢಿ ಯಾರಿಗೂ ಇಲ್ಲ.

ಅತ್ತಿಗೆಯನ್ನು ಒಂದು ವಾರ ಮುಂಚೆ ಕಳಿಸು. ಆ ನಿಲುಗಡೆಗೆ ನಮ್ಮ ಡ್ರಮ್ಮಿನವನು ಕೈ ಕಟ್ಟಿ ನಿಲ್ಲುವುದನ್ನು ಅಭ್ಯಾಸ ಮಾಡಬೇಕು.

ಇಂತಿ,
ಕತ್ತರಿ

*

ಏಪ್ರಿಲ್ 28

ನಮ್ಮವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಬಸ್ ಹತ್ತಿಸುವಾಗ ನೀವು ವಾಪಸ್ ಟಿಕೆಟ್ ನನ್ನ ಪರ್ಸಿನಲ್ಲಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡಿದಿರಿ. ಇದೆ, ಆದರೆ ತಾರೀಖು ಬದಲಾಯಿಸಿದ್ದೇನೆ. ಇನ್ನೊಂದು ಊರಿನಲ್ಲೂ ಕಾರ್ಯಕ್ರಮವಂತೆ. ಮುಖ ಗಂಟಿಕ್ಕಬೇಡಿ. ಹಾಲಿನವನಿಗೆ ಅರ್ಧ ಲೀಟರು ಸಾಕೆಂದು ಹೇಳಿ. ಹೊಸ ಹಲ್ಲಿನ ಸೆಟ್ಟನ್ನು ನೀರಿನಲ್ಲಿಡಿ, ಕಿಟಕಿಯಲ್ಲಿಡಬೇಡಿ.

ನಿನ್ನೆ ಕಾರ್ಯಕ್ರಮ ಆಯಿತು. ಹಾಲ್ ತುಂಬಿತ್ತು. ಮೈದುನ ಆ ರಬ್ಬರ್ ಗುಂಡಿಗಳ ಮುಂದೆ ಟೈಪಿಸ್ಟಿನ ಹಾಗೆ ಕೂತಿದ್ದ. ನಾನು ಚಪ್ಪಲಿ ಬಿಟ್ಟು ನಿಂತೆ. ಸೀರೆ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಬಚ್ಚಲಿನಷ್ಟು ಚೆನ್ನಾಗಿ ಸದ್ದು ತಿರುಗುವುದಿಲ್ಲ ಅಲ್ಲಿ. ಆದರೂ ನಲ್ಲಿ ಬಿಡದೆ ಊದುವುದು ಹೇಗಿರುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ತುದಿಯ ಸ್ವರ ಒಡೆಯಿತು. ಒಡೆದದ್ದಕ್ಕೇ ಚಪ್ಪಾಳೆ ಹೊಡೆದರು.

ಆಮೇಲೆ 'ಮಧ್ಯಾಹ್ನ' ಬಂತು. 'ಆ ನಿಲುಗಡೆ ನನ್ನದು, ಅಲ್ಲಿ ನಿಲ್ಲುವುದು ಮಾತ್ರ ಮರೆಯಬೇಡ' ಎಂದು ನೀವು ಬಸ್ಸಿನ ಕಿಟಕಿಯಲ್ಲಿ ತಲೆ ತೂರಿಸಿ ಹೇಳಿದ್ದು ನೆನಪಿತ್ತು. ಎರಡನೆಯ ಸಾಲು ಶುರುವಾದಾಗ ಹಾಲ್‌ಗೆ ಹಾಲೇ ಉಸಿರು ಬಿಗಿಹಿಡಿಯಿತು. ಡ್ರಮ್ಮಿನವನು ಕೈ ಕಟ್ಟಿದ. ಮೈದುನನ ಬೆರಳು ಗಾಳಿಯಲ್ಲಿ ನಿಂತಿತು.

ನಾನು ನಿಲ್ಲಲಿಲ್ಲ. ಹಾಗೇ ಊದಿಕೊಂಡು ಹೋದೆ. ಅವರಿಬ್ಬರೂ ಎದ್ದೂ ಬಿದ್ದೂ ಹಿಂದೆ ಓಡಿಬಂದರು.

ಪರದೆಯ ಹಿಂದೆ ಬಂದು ಮೈದುನ ತಲೆ ಮೇಲೆ ಕೈ ಹೊತ್ತುಕೊಂಡ. "ಅತ್ತಿಗೇ, ಎಲ್ಲಿ ಹೋಯ್ತು ಅದು? ಜನ ಬಂದಿದ್ದೇ ಅದಕ್ಕಲ್ವಾ! ಅಣ್ಣಂಗೆ ಏನು ಹೇಳ್ಲಿ?"

ನಿಮ್ಮ ಹೆಸರು ಕವರಿನ ಮೇಲೆ ಭದ್ರವಾಗಿದೆ, ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: "ಇಲ್ಲಿ ಯಾರೂ ಕಾಫಿ ಕೇಳ್ಲಿಲ್ವಲ್ಲಪ್ಪ."

ಇಂತಿ ನಿಮ್ಮ,
ಅತ್ತಿಗೆ
(ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ)